ಬೀರದೇವ ಬಿಗಿ ಮಾಡಿದ್ದ ನಟ್

೫ ಅಕ್ಟೋಬರ್ ೨೦೨೫, ರವಿವಾರ

ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇದು. ಒಂಬತ್ತು ತಿಂಗಳು ಇದರ ಮೇಲೆ ಗ್ರೀಸ್ ಡಬ್ಬಿ ಕೂತಿತ್ತು. ನಮ್ಮ ಮನೆಯಲ್ಲಿ ಕನ್ನಡ ಬರೆದು ಓದುವವನು ನಾನೊಬ್ಬನೇ. ಹೆಂಡತಿ ಜುಬೇದಾ ಉರ್ದು ಶಾಲೆಯಲ್ಲಿ ಕಲಿತವಳು, ಬಸ್ಸಿನ ಬೋರ್ಡು ಓದುವಷ್ಟು ಕನ್ನಡ ಅವಳಿಗೆ ಸಾಕಾಗಿದೆ. ಹಾಗಾಗಿ ಇಲ್ಲಿ ಬರೆದದ್ದು ಇಲ್ಲೇ ಇರುತ್ತದೆ.

ನನ್ನ ಜೊತೆ ಅಂಗಡಿ ನಡೆಸುವ ಬೀರದೇವನ ಬಲಗೈ ತೋರುಬೆರಳು ಮೊದಲ ಗೆಣ್ಣಿನವರೆಗೆ ಹೋಯಿತು. ನಡುಬೆರಳಿಗೆ ಹನ್ನೊಂದು ಹೊಲಿಗೆ ಬಿದ್ದಿವೆ. ನಡುಬೆರಳು ಉಳಿಯುತ್ತದೆ, ಆದರೆ ಪೂರ್ತಿ ಮಡಚಲು ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದು ಮಿರಜಿನ ಡಾಕ್ಟರರು ಹೇಳಿದರು.

ಆದದ್ದು ಇಷ್ಟು. ದಸರೆಯ ಸಂಜೆ ಕರೋಶಿಯಲ್ಲಿ, ಬೀರದೇವನ ಹೊಲದಲ್ಲಿ, ಮೆಕ್ಕೆಜೋಳ ತೆಗೆದು ಖಾಲಿಯಾದ ನೆಲದ ಮೇಲೆ ನಮ್ಮ ಆಟದ ವಿಮಾನ ಹಾರಿಸಲು ನಿಂತಿದ್ದೆವು. ಆಟದ್ದೆಂದರೂ ಅದರ ರೆಕ್ಕೆ ಐದಡಿ, ಎಂಜಿನ್ ನಿಜವಾದದ್ದು. ಬನ್ನಿ ಮುಡಿದು ಬಂದ ಜನ ಸುತ್ತ ಸೇರಿದ್ದರು. ಬೀರದೇವ ಬೆರಳಿನಿಂದ ಪ್ರೊಪೆಲ್ಲರ್ ಹೊಡೆದು ತಿರುಗಿಸಿದ. ಮೂರನೆಯ ಸಲಕ್ಕೆ ಎಂಜಿನ್ ಹತ್ತಿತು. ಹತ್ತಿದ್ದೇ ಒಮ್ಮೆ ಉಲ್ಟಾ ಒದೆಯಿತು, ಮೂತಿಯ ನಟ್ ಕಳಚಿತು, ಪ್ರೊಪೆಲ್ಲರ್ ಮುಂದಕ್ಕೆ ಹಾರಿ ಅವನ ಬೆರಳುಗಳ ಮೇಲೆ ಹಾದು ಹೋಯಿತು.

ನಟ್ ಸಡಿಲವಾಗಿತ್ತು. ಯಾಕೆ ಸಡಿಲವಾಗಿತ್ತು ಎಂಬುದು ನನಗೆ ಗೊತ್ತು. ಅದನ್ನು ಬರೆಯಲೆಂದೇ ಈ ಡೈರಿ ಜಾಡಿಸಿ ತೆಗೆದೆ. ಇವತ್ತು ಇಷ್ಟೇ ಸಾಕು.

೭ ಅಕ್ಟೋಬರ್, ಮಂಗಳವಾರ

ಕ್ರಮವಾಗಿ ಬರೆಯುತ್ತೇನೆ, ಕೆಲಸ ಮಾಡುವ ಹಾಗೆ.

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಲೇಥ್ ಅಂಗಡಿ ಇದೆ. ಬೋರ್ಡಿನ ಮೇಲೆ ಮೊದಲು ಬೀರದೇವನ ಹೆಸರು, ಆಮೇಲೆ ನನ್ನದು. ಇಪ್ಪತ್ತೆರಡು ವರ್ಷವಾಯಿತು. ಲೇಥಿನ ಮೇಲೆ ಕಬ್ಬಿಣ ಕಡೆಯುವುದು ಅವನದು, ಬಿಚ್ಚುವುದು ಜೋಡಿಸುವುದು ನನ್ನದು. ಕೂದಲೆಳೆಯಷ್ಟು ತೆಗೆ ಎಂದರೆ ಅವನು ಅರ್ಧ ಕೂದಲು ತೆಗೆದು, ಉಳಿದ ಅರ್ಧಕ್ಕೆ ನನ್ನನ್ನು ಬೈಯುತ್ತಾನೆ.

ಎಂಜಿನ್ ಕಾಗವಾಡದ ಜಿನೇಂದ್ರಣ್ಣನದು. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಎರಡು ವರ್ಷದ ಹಿಂದೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಎಂಜಿನ್ ತಂದು, ಶಾಫ್ಟಿನ ಥ್ರೆಡ್ ಸವೆದಿದೆ ನೋಡಿ ಎಂದರು. ಬೀರದೇವ ಸವೆದದ್ದನ್ನು ತೆಗೆದು, ಒಂದು ಸೈಜ್ ಸಣ್ಣ ಥ್ರೆಡ್ ಹಾಕಿ, ಅದಕ್ಕೊಪ್ಪುವ ನಟ್ಟನ್ನೂ ತಾನೇ ಮಾಡಿದ. ಜಿನೇಂದ್ರಣ್ಣ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿ, "ನನ್ನ ಕಣ್ಣ ಮಂಜಾಗ್ಯಾವ. ಇನ್ನ ನೀವ ಹಾರಸ್ರಿ" ಎಂದು ನಮಗೇ ಕೊಟ್ಟುಬಿಟ್ಟರು. ಕೊಡುವಾಗ ಪಾಠವನ್ನೂ ಹೇಳಿದರು. ಮೊದಲು ವಾಷರ್, ಆಮೇಲೆ ಪ್ರೊಪೆಲ್ಲರ್, ಮತ್ತೆ ವಾಷರ್, ಕೊನೆಗೆ ನಟ್. ಪಕ್ಕಡ ಹಚ್ಚಿ ಹಿಸುಕಬಾರದು, ಅಳತೆಯ ಪಾನಾದಿಂದಲೇ, ಅವರ ಮಾತಿನಲ್ಲಿ ಸ್ಪ್ಯಾನರಿನಿಂದಲೇ, ಬಿಗಿಯಬೇಕು. ಪ್ರತಿ ಸಲ ಎಂಜಿನ್ ಹತ್ತಿಸುವ ಮುಂಚೆ ಪಾನಾ ಹಚ್ಚಿ ನೋಡಬೇಕು.

ಖಂಡೇನವಮಿಯ ಹಿಂದಿನ ದಿನ ಎಂಜಿನ್ ಓಡಿಸಿ ನೋಡಿದೆವು. ಆಗ ಬೀರದೇವ ನಟ್ ಬಿಗಿ ಮಾಡಿದ್ದು ನಾನು ಕಣ್ಣಾರೆ ಕಂಡದ್ದು. ಎರಡು ಸಲ ಮಾಡಿದ.

ಬುಧವಾರ ಖಂಡೇನವಮಿ, ಆಯುಧಪೂಜೆ. ಪ್ರತಿ ವರ್ಷದಂತೆ ಅವನು ಹೊಸ ಟವೆಲ್ ಹಾಸಿ ಅಂಗಡಿಯ ಹತ್ಯಾರಗಳನ್ನೆಲ್ಲ ಸಾಲಾಗಿ ಇಟ್ಟ. ಕುಂಕುಮ ಹಚ್ಚಿ ಪೂಜೆಗೆ ಇಟ್ಟದ್ದನ್ನು ಮರುದಿನ ಅವನೇ ತೆಗೆಯುವವರೆಗೆ ಯಾರೂ ಮುಟ್ಟುವುದಿಲ್ಲ. ನಾನೂ ಇಪ್ಪತ್ತೆರಡು ವರ್ಷದಿಂದ ಮುಟ್ಟಿಲ್ಲ. ನಡುವೆ ವಿಮಾನ ಇಟ್ಟಿದ್ದ. ಅದರ ಪ್ರೊಪೆಲ್ಲರ್ ನೆಟ್ಟಗೆ ನಿಂತಿದ್ದರಿಂದ ಚೆಂಡುಹೂವಿನ ಹಾರ ಜಾರಿ ಬೀಳುತ್ತಿತ್ತು. ಕೈಯಿಂದ ಅಡ್ಡ ತಿರುಗಿಸಿದರೆ ಎಂಜಿನ್ನಿನ ಒತ್ತಡಕ್ಕೆ ಅದು ಮತ್ತೆ ನೆಟ್ಟಗಾಗುತ್ತಿತ್ತು. ಫೋಟೋ ಚೆಂದ ಬರಲಿ ಎಂದು ನಾನು ಪಾನಾ ಹಚ್ಚಿ ನಟ್ ಸಡಿಲಿಸಿ ಪ್ರೊಪೆಲ್ಲರ್ ಅಡ್ಡ ಮಾಡಿದೆ. ಪಾನಾವನ್ನು ಮೊಣಕಾಲ ಹತ್ತಿರ ಇಟ್ಟು ಹಾರ ಸರಿಪಡಿಸುತ್ತಿದ್ದೆ. ಅಷ್ಟರಲ್ಲಿ ಬೀರದೇವನ ಹೆಂಡತಿ ಅಕ್ಕುತಾಯಿ ವೈನಿ ಆರತಿ ತಟ್ಟೆ ತಂದರು. ಅವನು ಅವಸರದಲ್ಲಿ ತಿರುಗಿ ಆ ಪಾನಾ ಎತ್ತಿಕೊಂಡು, "ಇದೊಂದ ಉಳದಿತ್ತ ನೋಡು" ಎಂದು ಸಾಲಿನಲ್ಲಿ ಇಟ್ಟು ಕುಂಕುಮ ಹಚ್ಚಿದ. ನಾನು ನಟ್ ಸಡಿಲಿಸಿದ್ದನ್ನು ಅವನು ನೋಡಿರಲಿಲ್ಲ.

ವಿಮಾನಕ್ಕೆ ಇನ್ನೂ ಕುಂಕುಮ ಹಚ್ಚಿರಲಿಲ್ಲ, ನಾನು ಬೆರಳಿನಿಂದಲೇ ನಟ್ ತಿರುಗಿಸಿ ಕೂರಿಸಿದೆ. ನಾಳೆ ಪೂಜೆ ತೆಗೆದ ಮೇಲೆ ಬಿಗಿ ಮಾಡಿದರಾಯಿತು ಎಂದುಕೊಂಡೆ. ಕೇಳಿದ್ದರೆ ಪಾನಾ ಕೊಡುತ್ತಿದ್ದನೋ ಏನೋ. ಬೇರೆಯವರ ಪೂಜೆಗೆ ಕೈ ಹಾಕಬಾರದು ಎಂದು ನನ್ನ ಅಪ್ಪ ಕಲಿಸಿದ್ದು, ಅದರಲ್ಲಿ ತಪ್ಪೇನೂ ಇಲ್ಲ. ಮರುದಿನ ಬನ್ನಿ, ಜನ, ಗದ್ದಲ. ನನಗೆ ಮರೆತೇ ಹೋಯಿತು.

ಬರೆದಾಯಿತು. ಇನ್ನು ಹೇಳುವುದು ಉಳಿದಿದೆ. ಗುರುವಾರ ಅವನನ್ನು ಮನೆಗೆ ಕಳಿಸುತ್ತಾರೆ. ಮರುದಿನವೇ ಹೋಗಿ ಹೇಳುತ್ತೇನೆ.

೧೦ ಅಕ್ಟೋಬರ್, ಶುಕ್ರವಾರ

ನಮಾಜ್ ಮುಗಿಸಿ ನೇರ ಕರೋಶಿಗೆ ಹೋದೆ. ಹೇಳುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ನೋಡಿದರೆ ಜಿನೇಂದ್ರಣ್ಣ ಕಾಗವಾಡದಿಂದ ಬಂದು ಕೂತಿದ್ದಾರೆ. ನಟ್ಟನ್ನೂ ಎಂಜಿನ್ನನ್ನೂ ಪೇಪರಿನ ಮೇಲೆ ಇಟ್ಟುಕೊಂಡು ಭೂತಗನ್ನಡಿ ಹಿಡಿದು ನೋಡುತ್ತಿದ್ದಾರೆ.

"ಥ್ರೆಡ್ ಒಂದೂ ಕೆಟ್ಟಿಲ್ಲ. ಬಿಗಿ ಇದ್ದ ನಟ್ ಒಂದ ಒದಿತಕ್ಕ ಹಿಂಗ ಹಾರಂಗಿಲ್ಲಪಾ" ಎಂದರು.

"ನಾ ಬಿಗಿ ಮಾಡಿದ್ನೆಲ್ರಿ" ಎಂದ ಬೀರದೇವ.

"ಹತ್ತಸೂ ಮುಂದ ಪಾನಾ ಹಚ್ಚಿ ನೋಡಿದ್ಯೇನು?"

"ಇಲ್ರಿ. ನಾನ ಮಾಡೀನಿ, ಮತ್ತೇನ ನೋಡೂದು ಅಂತ ಬಿಟ್ನಿ."

ಜಿನೇಂದ್ರಣ್ಣ ಬೈಯಲಿಲ್ಲ. "ಮಾಡೀನಿ ಅಂತ ಅನಸಿರತೈತಿ. ಸರ್ವಿಸಿನ್ಯಾಗ ನನಗೂ ಆಗೈತಿ" ಎಂದು ಸಮಾಧಾನ ಹೇಳಿದರು. ಆ ಸಮಾಧಾನವೇ ಬೀರದೇವನಿಗೆ ನಾಟಿತು. ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲೆ ತಿರುಗಿಸಿ ನೋಡಿದ. ಆಮೇಲೆ ಹೇಳಿದ: "ನನ್ನ ಕೈಗೆ ಬಿಗಿ ಮಾಡಿದ್ದು ನೆನಪೈತಿ. ಆದ್ರ ಮಾಡಿಲ್ಲ. ನಮ್ಮಪ್ಪನೂ ಹಿಂಗ ಇದ್ದ. ಉಣ್ಣದ ಉಂಡೀನಿ ಅಂತಿದ್ದ."

ಅವನ ಅಪ್ಪನ ವಿಷಯ ಇಡೀ ಕರೋಶಿಗೆ ಗೊತ್ತು. ಕುರಿ ಕಾಯಲು ಹೋದವನು ಒಂದು ದಿನ ಮನೆಗೆ ಬರಲೇ ಇಲ್ಲ. ಮೂರನೆಯ ದಿನ ಯಡೂರಿನಲ್ಲಿ ಹೊಳೆದಂಡೆಯ ಮೇಲೆ ಸಿಕ್ಕ. ಹೆಸರು ಕೇಳಿದವರಿಗೆಲ್ಲ ನಗುತ್ತ ಕೂತಿದ್ದನಂತೆ. ಆಗ ಅವನಿಗೆ ಐವತ್ತೈದು. ಆಮೇಲೆ ಒಂಬತ್ತು ವರ್ಷ ಬದುಕಿದ, ಮಗನನ್ನು ಮತ್ತೆ ಗುರುತು ಹಿಡಿಯಲಿಲ್ಲ. ಬೀರದೇವನಿಗೆ ಈಗ ಐವತ್ತೆರಡು.

ಜಿನೇಂದ್ರಣ್ಣ, ವೈನಿ, ಮಗಳು ಸರಿತಾ, ಪಕ್ಕದ ಮನೆಯವರು ಎಲ್ಲರೂ ಇದ್ದರು. ಅಷ್ಟು ಜನರ ಮುಂದೆ ಹೇಳುವ ಮಾತಲ್ಲ. ಒಬ್ಬನೇ ಇದ್ದಾಗ ಹೇಳುತ್ತೇನೆ.

೧೪ ಅಕ್ಟೋಬರ್, ಮಂಗಳವಾರ

ಅಂಗಡಿಯಲ್ಲಿ ನಾನೊಬ್ಬನೇ. ರಾಯಬಾಗದಿಂದ ಗುರಪ್ಪ ಹಿಟ್ಟಿನ ಗಿರಣಿಯ ಪುಲ್ಲಿ ತಂದಿದ್ದ. ಎರಡು ತಾಸಿನ ಕೆಲಸ, ಸಂಜೆಯಾಯಿತು. ಬೋಲ್ಟುಗಳನ್ನು ಬಿಗಿ ಮಾಡಿದೆ, ನೋಡಿದೆ, ಮತ್ತೆ ಒಂದು ಸಲ ನೋಡಿದೆ. "ಎಷ್ಟ ಸಲ ನೋಡ್ತಿ ಶಾಕೀರಣ್ಣಾ, ಅದೇನ ಎದ್ದ ಓಡಿ ಹೋಗಂಗಿಲ್ಲ" ಎಂದ ಗುರಪ್ಪ. ಕೆಲಸ ಅಂದಮೇಲೆ ನೋಡಬೇಕು. ಜನಕ್ಕೆ ಎಲ್ಲದಕ್ಕೂ ಅವಸರ.

೧೬ ಅಕ್ಟೋಬರ್, ಗುರುವಾರ

ಸೀತಾಫಲ ಒಂದು ಬುಟ್ಟಿ ತೆಗೆದುಕೊಂಡು ಹೋದೆ. ಮೊನ್ನೆ ಕೋಳಿ ತತ್ತಿ ಒಯ್ದಿದ್ದೆ. ಇವತ್ತು ಪಡಸಾಲೆಯಲ್ಲಿ ಬೀರದೇವ ಒಬ್ಬನೇ ಇದ್ದ. ಹೇಳಬಹುದಿತ್ತು.

ಅವನು ಎಡಗೈಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದ. ಅಕ್ಷರಗಳು ಒಂದನೇ ಇಯತ್ತೆಯ ಮಗು ಬರೆದಂತಿದ್ದವು. ಬಗ್ಗಿ ಓದಿದೆ. "ಮುಂಜಾನೆ ಗುಳಿಗಿ ತಗೊಂಡಿನಿ. ಚಹಾ ಕುಡದಿನಿ. ಎಮ್ಮಿಗೆ ನೀರ ಕುಡಿಸಿನಿ."

"ಇದೇನೋ" ಎಂದೆ.

"ಬರದಿಟ್ರ ಗೊತ್ತಾಕ್ಕೈತಿ, ಮಾಡಿದ್ದು ಖರೆ ಮಾಡೀನೋ, ಬರೀ ಅನಸೈತೋ ಅಂತ. ಲೇ ಶಾಕೀರ, ಖರೆ ಹೇಳು. ಹೇಳಿದ್ದನ್ನ ಮತ್ತ ಮತ್ತ ಹೇಳಾಕತ್ತೀನೇನ ನಾ?"

"ಇಲ್ಲೋ ಮಾರಾಯಾ."

"ನೀ ಸುಳ್ಳ ಹೇಳಾಂವಲ್ಲ" ಎಂದು ಅವನು ಮತ್ತೆ ಬರೆಯತೊಡಗಿದ.

ಹೊರಡುವಾಗ ವೈನಿ ಬಾಗಿಲವರೆಗೆ ಬಂದರು. ದನಿ ಇಳಿಸಿ ಹೇಳಿದರು: "ಶಾಕೀರಣ್ಣಾ, ನಿನ್ನೆ ಚಹಾ ಕುಡದು ಒಂದ ತಾಸಿಗೆ ಮತ್ತ ಚಹಾ ಆಗಿಲ್ಲೇನ ಅಂತ ಕೇಳಿದ್ರು. ಮೊದಲೂ ಹಂಗ ಕೇಳತಿದ್ರು, ನಾ ನಗತಿದ್ನಿ. ಈಗ ಕೇಳಿದ್ರ ಎದಿ ಝಲ್ ಅಂತೈತಿ. ನಮ್ಮ ಮಾವಂದೂ ಹಿಂಗ ಸುರು ಆಗಿತ್ತರಿ."

ನಾನು ಸೈಕಲ್ ಮೋಟಾರಿನ ಕಿಕ್ ಹೊಡೆದೆ. ಆಸ್ಪತ್ರೆಯಿಂದ ಬಂದು ವಾರವಷ್ಟೇ ಆಗಿದೆ. ಸ್ವಲ್ಪ ಸುಧಾರಿಸಲಿ, ದೀಪಾವಳಿ ಮುಗಿಯಲಿ.

೨೨ ಅಕ್ಟೋಬರ್, ಬುಧವಾರ

ದೀಪಾವಳಿ ಪಾಡ್ಯ. ಪ್ರತಿ ವರ್ಷದಂತೆ ಬೀರದೇವನ ಮನೆಯಲ್ಲೇ ಊಟ. ಅವನು ಎಡಗೈಯಲ್ಲಿ ಉಣ್ಣಲು ನಾಚಿಕೊಂಡು, ನಮ್ಮದಾಗುವವರೆಗೆ ಹೊಟ್ಟೆ ಹಸಿದಿಲ್ಲ ಎಂದು ಕೂತಿದ್ದ.

ಊಟವಾದ ಮೇಲೆ ಹೇಳಿದ: ಇನ್ನು ಲೇಥ್ ಮುಟ್ಟುವುದಿಲ್ಲ. ಅಂಗಡಿ ನಾನೊಬ್ಬನೇ ನಡೆಸಬೇಕು. ಬೋರ್ಡಿನಿಂದ ಅವನ ಹೆಸರು ತೆಗೆಸಬೇಕು.

"ಬೆರಳ ಹೋದ್ರ ಏನಾತೋ, ಉಳದ ಬೆರಳ ಅದಾವಲ್ಲ" ಎಂದೆ.

"ಬೆರಳಿನ ಮಾತಲ್ಲೋ. ತಿರಗೂ ಮಷೀನ್ ಮುಂದ ಮರವಿನ ಮನಷ್ಯಾ ನಿಲ್ಲಬಾರದು. ಲೇಥಿನ ಚಕ್ಕಿನ್ಯಾಗ ಬಿಗಿಯೂ ಚಾವಿ ಬಿಟ್ಟ ಚಾಲೂ ಮಾಡಿದ್ರ ಅದು ಹಾರಿ ಬಂದು ಯಾರಿಗೆ ಬಡಿಯೂದು? ಬಾಜೂಕ ನಿಂತಾಂವ ನೀನ. ಇವತ್ತ ನಂದ ಹೋತು. ನಾಳೆ ನಿಂದ ಹೋದ್ರ?"

ಗಡಬಡಿ ಮಾಡಬೇಡ ಎಂದೆ. ಅಷ್ಟೇ ಹೇಳಿದೆ. ಮನೆಗೆ ಬಂದು ಅಂಗಿ ಬದಲಾಯಿಸುವಾಗ ಅಳು ಬಂತು. ನನ್ನ ಬೆರಳುಗಳ ಚಿಂತೆ ಅವನಿಗೆ.

೨೯ ಅಕ್ಟೋಬರ್, ಬುಧವಾರ

ಜುಬೇದಾಳ ಜೊತೆ ಜಗಳ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ನೋಡಲು ಒಂದು ಬೆಳಗಿನಲ್ಲಿ ನಾಲ್ಕು ಸಲ ಅಡುಗೆಮನೆಗೆ ಹೋದೆನಂತೆ. ಅವಳು ಲೆಕ್ಕ ಇಟ್ಟಿದ್ದಾಳೆ. "ನಿಮಗೆ ಏನೋ ಆಗಿದೆ, ಬೀರದೇವಣ್ಣನ ಮನೆಗೆ ದಿನಾ ಹೋಗುತ್ತೀರಿ, ಬಂದು ಗೋಡೆ ನೋಡುತ್ತೀರಿ" ಎಂದಳು. ಮಗಳು ಕಹಕಶಾಗೆ ಫೋನ್ ಮಾಡಿ ಅದನ್ನೇ ಹೇಳಿದಳು. ಮಗಳು ನಿಪ್ಪಾಣಿಯಿಂದ ನನಗೆ ಬುದ್ಧಿ ಹೇಳಿದಳು.

ನನಗೇನೂ ಆಗಿಲ್ಲ. ಸಿಲಿಂಡರ್ ನೋಡಬಾರದು ಎಂದು ಎಲ್ಲಿ ಬರೆದಿದೆ?

೩ ನವೆಂಬರ್, ಸೋಮವಾರ

ಬೀರದೇವನನ್ನು ಮಿರಜಿಗೆ ಕರೆದುಕೊಂಡು ಹೋಗಿದ್ದೆ. ಕೈ ತೋರಿಸಿದ ಮೇಲೆ ಮರೆವಿನ ಡಾಕ್ಟರರ ಕಡೆಗೂ ಹೋಗೋಣ ಎಂದ. ವೈನಿಗೆ ಹೇಳದೆ ಅವನೇ ನಂಬರ್ ಹಚ್ಚಿಸಿದ್ದ.

ಡಾಕ್ಟರರು ಮರಾಠಿಯಲ್ಲಿ ಪ್ರಶ್ನೆ ಕೇಳಿದರು. ಇವತ್ತು ಯಾವ ವಾರ, ಈ ಊರು ಯಾವುದು. ಸರಿಯಾಗಿ ಹೇಳಿದ. ಆಮೇಲೆ ಮೂರು ಶಬ್ದ ಕೊಟ್ಟು, ಸ್ವಲ್ಪ ಹೊತ್ತಿನ ನಂತರ ಕೇಳುತ್ತೇನೆ, ನೆನಪಿಡಿ ಎಂದರು. ಅಂಗಿ, ಎತ್ತು, ಗಡಿಯಾರ. ನಡುವೆ ನೂರರಿಂದ ಏಳೇಳು ಕಳೆಯುತ್ತ ಬರಲು ಹೇಳಿದರು. ಬೀರದೇವ ತೊಂಬತ್ಮೂರು ಎಂದು ನಿಂತುಬಿಟ್ಟ. ಹಣೆ ಬೆವರಿತು. ಮೈಕ್ರೋಮೀಟರಿನ ಗೆರೆಗಳನ್ನು ನೋಡುತ್ತಲೇ ಮನಸ್ಸಿನಲ್ಲಿ ಕೂಡಿಸಿ ಕಳೆಯುವ ಮನುಷ್ಯ ಇವನು. ಆಮೇಲೆ ಮೂರು ಶಬ್ದ ಕೇಳಿದಾಗ ಅಂಗಿ ಎಂದ, ಎತ್ತು ಎಂದ. ಮೂರನೆಯದು ಬರಲಿಲ್ಲ.

ಹೆದರಿಕೆಯಿಂದಲೂ ಹೀಗಾಗುತ್ತದೆ, ಇಷ್ಟರಿಂದ ಏನೂ ಹೇಳಲಾಗದು, ಮುಂದಿನ ತಿಂಗಳು ತಲೆಯ ಸ್ಕ್ಯಾನ್ ಮಾಡಿ ನೋಡೋಣ ಎಂದರು ಡಾಕ್ಟರರು. ಬೀರದೇವ ಕೈ ಮುಗಿದು ಎದ್ದ.

ಬಸ್ಸಿನಲ್ಲಿ ಕಿಟಕಿಯ ಕಡೆ ಅವನು, ಈ ಕಡೆ ನಾನು. ಕೃಷ್ಣೆಯ ಸೇತುವೆ ದಾಟುವಾಗ ಅವನ ತುಟಿ ಅಲುಗುತ್ತಿರುವುದು ಕಂಡಿತು. ಕಿವಿಗೊಟ್ಟು ಕೇಳಿದೆ. ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು. ಎರಡರವರೆಗೂ ಬಂದ. ಒಂದೂ ತಪ್ಪಲಿಲ್ಲ. ಮತ್ತೆ ನೂರರಿಂದ ಸುರು ಮಾಡಿದ. ಅಂಕಲಿ ದಾಟಿದ ಮೇಲೆ, "ಗಡಿಯಾರ. ಮೂರನೇದು ಗಡಿಯಾರ. ಹೌದಿಲ್ಲೋ?" ಎಂದು ನನ್ನ ಕಡೆ ತಿರುಗಿದ. ಹೌದು ಎಂದೆ. "ಅಲ್ಲಿ ಬರಲಿಲ್ಲ ನೋಡು" ಎಂದು ಮತ್ತೆ ಕಿಟಕಿಯ ಕಡೆ ನೋಡಿದ.

ಚಿಕ್ಕೋಡಿ ಬರುವವರೆಗೂ ಅವನ ಬದಿಯಲ್ಲೇ ಕೂತಿದ್ದೆ. ಬಸ್ಸಿನಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ಹೇಳಲು ಒಂದು ವಾಕ್ಯ ಸಾಕಿತ್ತು. ಅವನ ತಲೆ ಸರಿಯಾಗಿದೆ ಎಂದು ಈ ಭೂಮಿಯ ಮೇಲೆ ಖಚಿತವಾಗಿ ಗೊತ್ತಿರುವವನು ನಾನೊಬ್ಬನೇ, ಮತ್ತು ನಾನು ಬಾಯಿ ಮುಚ್ಚಿಕೊಂಡು ಟಿಕೆಟನ್ನು ಮಡಚುತ್ತ ಕೂತಿದ್ದೆ. ಪೂಜೆ, ಪಾನಾ, ಅಪ್ಪ ಕಲಿಸಿದ್ದು ಎಂದು ಈ ಡೈರಿಯಲ್ಲಿ ಏನೇನೋ ಬರೆದಿದ್ದೇನೆ. ಅದೆಲ್ಲ ಮೊದಲ ದಿನದ ತಪ್ಪು, ಯಾರಿಂದಲೂ ಆಗಬಹುದಾದದ್ದು. ಆಮೇಲಿನ ಒಂದೊಂದು ದಿನವೂ ನಾನು ಗೊತ್ತಿದ್ದೇ ಮಾಡಿದ್ದು.

೬ ನವೆಂಬರ್, ಗುರುವಾರ

ಪೇಂಟರ್ ನಿಖಿಲ ಫೋನ್ ಮಾಡಿದ್ದ. ಶನಿವಾರ ಮುಂಜಾನೆ ಬಂದು ಹೆಸರು ತೆಗೆಯುತ್ತಾನೆ. ಬೀರದೇವನೂ ಬರುತ್ತಾನಂತೆ.

೮ ನವೆಂಬರ್, ಶನಿವಾರ

ಹೇಳಿದೆ.

ನಿಖಿಲ ಏಣಿ ಹತ್ತಿ ಪಾಲಿಶ್ ಕಾಗದದಿಂದ ಮೊದಲ ಅಕ್ಷರ ಉಜ್ಜುತ್ತಿದ್ದ. ಬೀರದೇವ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದ. ತನ್ನ ಹೆಸರು ಹೋಗುವುದನ್ನು ತಾನೇ ನೋಡಬೇಕು, ಇಲ್ಲವಾದರೆ ನಾಳೆ ಇದನ್ನೂ ಮರೆತು ಅಂಗಡಿಗೆ ಬಂದೇನು ಎಂದ. ನಗಿಸಲು ಹೇಳಿದ್ದು. ನಿಖಿಲ ನಕ್ಕ. ಬೂದಿಬಣ್ಣದ ಪುಡಿ ಬೀರದೇವನ ಟೊಪ್ಪಿಗೆಯ ಮೇಲೆ ಉದುರುತ್ತಿತ್ತು.

ನಿಖಿಲನಿಗೆ ಇಳಿ ಎಂದೆ. ಚಹಾ ಕುಡಿದು ಬಾ ಎಂದು ಕಳಿಸಿದೆ. ಬೀರದೇವನನ್ನು ಒಳಗೆ ಕರೆದು ಲೇಥಿನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದೆ. ನಾನು ನಿಂತೇ ಹೇಳಿದೆ. ತಿಂಗಳಿನಿಂದ ಜೋಡಿಸಿದ್ದ ಮಾತು ಯಾವುದೂ ಬರಲಿಲ್ಲ.

"ಬೀರಾ, ನಟ್ ನೀ ಬಿಗಿ ಮಾಡಿದ್ದಿ. ಎರಡ ಸಲ ಮಾಡಿದಿ, ನಾ ನೋಡೀನಿ. ಖಂಡೇನವಮಿ ದಿವಸ ಹಾರ ನಿಲ್ಲವಲ್ದು ಅಂತ ನಾ ಅದನ್ನ ಸಡಲ ಮಾಡಿದ್ನಿ. ಪಾನಾ ನೀ ಪೂಜಿಗೆ ಇಟ್ಟಿ. ನಾ ಬೆರಳಿಲೆ ತಿರವಿ ಬಿಟ್ನಿ. ಮರುದಿವಸ ಮರತ್ನಿ. ಮರತಾಂವ ನಾನು, ನೀ ಅಲ್ಲ."

ಓಣಿಯಲ್ಲಿ ಟ್ರ್ಯಾಕ್ಟರ್ ಒಂದು ರಿವರ್ಸ್ ತೆಗೆದುಕೊಳ್ಳುತ್ತಿತ್ತು. ಅದು ಹೋಗುವವರೆಗೆ ಅವನು ಕಾದ.

"ನಾ ಬಿಗಿ ಮಾಡಿದ್ನಿ?" ಎಂದ.

"ಮಾಡಿದ್ದಿ."

"ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಎಡಗೈ ಹೆಬ್ಬೆರಳು ಮತ್ತು ತೋರುಬೆರಳು ತಮ್ಮಷ್ಟಕ್ಕೆ ಪಾನಾ ತಿರುಗಿಸುವ ಹಾಗೆ ಅಲುಗಿದವು. ಕಣ್ಣೀರು ಗಡ್ಡದವರೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಪಾನಾ ಬೇಕ ಅಂತ ಯಾಕ ಕೇಳಲಿಲ್ಲ?"

"ನಿನ್ನ ಪೂಜಿಯೊಳಗ ಇತ್ತಲ್ಲೋ. ಹೆಂಗ ಮುಟ್ಟಲಿ?"

"ಕೇಳಿದ್ರ ನಾನ ತಗದ ಕೊಡತಿದ್ನಿ. ಕೆಲಸಕ್ಕ ಬೇಕಂದ್ರ ನನ್ನ ದೇವರು ಒಂದ ಪಾನಾಕ್ಕ ಸಿಟ್ಟಾಗತಾನೇನ? ಇಪ್ಪತ್ತೆರಡ ವರ್ಷಾತು, ನಂದು ಇಷ್ಟೂ ಗೊತ್ತಿಲ್ಲೇನ ನಿನಗ?"

ನಾನು ಲೇಥಿನ ಮೇಲಿನ ಕಬ್ಬಿಣದ ಪುಡಿಯನ್ನು ಕೈಯಿಂದ ಒತ್ತರಿಸಿದೆ.

"ಅದು ಬಿಡು" ಎಂದ. "ಬೆರಳೂ ಬಿಡು. ಐದ ವಾರ ನನ್ನ ಮಾರಿ ನೋಡಕೋತ ಹೆಂಗ ಸುಮ್ಮನಿದ್ದಿ? ಮಿರಜಿಗೂ ಬಂದೆಲ್ಲೋ. ಡಾಕ್ಟರ್ ಕೇಳೂ ಮುಂದ ನನ್ನ ಬಾಜೂಕ ಕುಂತಿದ್ದೆಲ್ಲೋ."

"ಹೆದರಿದ್ನಿ."

"ಯಾತಕ್ಕ?"

"ನೀ ಅಂಗಡಿ ಬಿಟ್ಟ ಹೋಗ್ತಿ ಅಂತ."

ಅವನು ಬಾಗಿಲಾಚೆ ಏಣಿಯ ಕಡೆ ಕೈ ತೋರಿಸಿದ.

ಆಮೇಲೆ ಎದ್ದ. "ನನಗ ಹೇಳ್ದ್ರ ಸಾಲಂಗಿಲ್ಲ. ನಡಿ, ಅಕ್ಕೂಗ ಹೇಳು" ಎಂದ. ನನ್ನ ಗಾಡಿಯ ಹಿಂದೆ ಕೂತ. ಯಾವಾಗಲೂ ನನ್ನ ಹೆಗಲ ಮೇಲೆ ಕೈ ಇಡುವವನು ಇವತ್ತು ಹಿಂದಿನ ಕಬ್ಬಿಣ ಹಿಡಿದು ಕೂತಿದ್ದ.

ವೈನಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಸರಿತಾ ಹಾಲು ಕಾಸುತ್ತಿದ್ದಳು. ಪಕ್ಕದ ಮನೆಯವರೂ ಇದ್ದರು. ಬೀರದೇವ ಯಾರನ್ನೂ ಹೊರಗೆ ಕಳಿಸಲಿಲ್ಲ. "ಹೇಳು" ಎಂದ. ಮೂರನೆಯ ಸಲ ಹೇಳಿದೆ.

ವೈನಿ ಶೇಂಗಾದ ಮೊರ ಬದಿಗೆ ಸರಿಸಿ, ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಅವನ ಗಾಡಿಯ ಕೀಲಿಕೈ ಇತ್ತು. ಅವನು ಎಲ್ಲಿಯಾದರೂ ಹೋಗಿ ದಾರಿ ತಪ್ಪಿಯಾನೆಂದು ಇಷ್ಟು ದಿನ ಕಟ್ಟಿಕೊಂಡು ತಿರುಗಿದ್ದರೆಂದು ನನಗೆ ಗೊತ್ತಿರಲಿಲ್ಲ. ಬೀರದೇವನಿಗೂ ಗೊತ್ತಿರಲಿಲ್ಲವೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಕೀಲಿಕೈಯನ್ನು ಅವನ ಎಡಗೈಯಲ್ಲಿಟ್ಟು ಅವರು ಒಳಗೆ ಹೋದರು. ಒಳಗಿನಿಂದ ಅಳುವುದು ಕೇಳಿತು.

"ಈಗ ಹೋಗು" ಎಂದ ಬೀರದೇವ.

ಬಂದೆ. ನಿಖಿಲ ಚಹಾ ಕುಡಿದು ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತೇ ಇದ್ದ. ಮುಂದೇನು ಮಾಡಲಿ ಎಂದು ಕೇಳಿದ. ನನಗೂ ಗೊತ್ತಿಲ್ಲ ಎಂದೆ.

೧೦ ನವೆಂಬರ್, ಸೋಮವಾರ

ನಿನ್ನೆ ಜುಬೇದಾಗೂ ಎಲ್ಲ ಹೇಳಿದೆ. ಪೂರ್ತಿ ಕೇಳಿ, "ಅಕ್ಕುತಾಯಿಯ ಮುಖವನ್ನು ನಾನು ಹೇಗೆ ನೋಡಲಿ" ಎಂದಳು. ಆಮೇಲೆ ಊಟಕ್ಕೆ ಬಡಿಸಿದಳು. ಬೆಳಿಗ್ಗೆ ಅವಳು ಎಬ್ಬಿಸುವವರೆಗೆ ಮಲಗಿದ್ದೆ.

ಗುರಪ್ಪ ಎರಡನೆಯ ಗಿರಣಿಯ ಪುಲ್ಲಿಯನ್ನೂ ತಂದಿದ್ದ. ಮಧ್ಯಾಹ್ನದೊಳಗೆ ಮುಗಿಯಿತು. ಈ ಪುಲ್ಲಿಯ ಬೋಲ್ಟುಗಳು ಹೊಸವು, ಅದಕ್ಕೇ ಇರಬೇಕು.

೧೩ ನವೆಂಬರ್, ಗುರುವಾರ

ಬೀರದೇವ ಇವತ್ತು ಅಂಗಡಿಯ ಮುಂದಿನಿಂದ ಗಾಡಿಯ ಮೇಲೆ ಹೋದ. ನಿಧಾನವಾಗಿ, ಒಂದೇ ಗೇರಿನಲ್ಲಿ. ಬಲಗೈಯ ಉಳಿದ ಬೆರಳುಗಳಲ್ಲಿ ಆಕ್ಸಿಲರೇಟರ್ ಹಿಡಿದಿದ್ದ. ಈ ಕಡೆ ನೋಡಲಿಲ್ಲ. ಒಂದು ತಾಸಿನ ನಂತರ ತಿರುಗಿ ಹೋದ, ಆಗಲೂ ನೋಡಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಲು ಬೇರೆ ದಾರಿ ಇದೆ.

ಧೈರ್ಯ ಮಾಡಿ ವೈನಿಗೆ ಫೋನ್ ಮಾಡಿದೆ. ತೆಗೆಯಲಿಕ್ಕಿಲ್ಲ ಎಂದುಕೊಂಡಿದ್ದೆ, ತೆಗೆದರು. ನಾನು ಮಾಫ್ ಮಾಡಿ ಎನ್ನಬೇಕೆನ್ನುವಷ್ಟರಲ್ಲಿ ಅವರೇ ಹೇಳಿದರು: "ನಿಮ್ಮ ಮ್ಯಾಲ ನನಗೂ ಸಿಟ್ಟ ಐತ್ರಿ. ಅವರಂತೂ ದಿನಾ ಬೈತಾರ. ಊಟಕ್ಕ ಕುಂತ್ರ ನಿಮ್ಮ ಹೆಸರ ತಗದು, ಒಂದ ಭಾಕ್ರಿ ಹೆಚ್ಚಿಗಿ ತಿಂದು ಬೈತಾರ. ಐದ ವಾರ ಯಾರಿಗೂ ಒಂದ ಮಾತ ಬೈದಿದ್ದಿಲ್ಲ, ಎಮ್ಮಿಗೂ ಬೈದಿದ್ದಿಲ್ಲ. ಬೈಲಿ ಬಿಡ್ರಿ, ಕೇಳಾಕ ಚಲೋ ಅನಸತೈತಿ."

ನನಗೂ ಚಲೋ ಅನಿಸಿತು.

೧೭ ನವೆಂಬರ್, ಸೋಮವಾರ

ಕಬ್ಬಿನ ಸುಗ್ಗಿ ಸುರುವಾಗಿದೆ. ಟ್ರೇಲರಿನ ಪಿನ್ನುಗಳು ಹನ್ನೆರಡು ಬಂದು ಬಿದ್ದಿವೆ. ಲೇಥ್ ಕೆಲಸ ನನಗೆ ಅಷ್ಟಕ್ಕಷ್ಟೇ. ಎರಡು ಪಿನ್ ಕೆಡಿಸಿ ಮೂರನೆಯದನ್ನು ಹಚ್ಚಿ ನಿಂತಿದ್ದೆ.

ಹೊರಗೆ ಗಾಡಿ ನಿಂತಿತು. ಬೀರದೇವ ಒಳಗೆ ಬಂದ. ಟೊಪ್ಪಿಗೆ ಮೊಳೆಗೆ ಹಾಕಿದ. ಕೆಟ್ಟ ಪಿನ್ ಎರಡನ್ನೂ ಎತ್ತಿ ನೋಡಿ ಮೂಲೆಗೆ ಎಸೆದ. ನಾನು ಮಷೀನ್ ಬಂದ್ ಮಾಡಿ ಬದಿಗೆ ಸರಿದೆ.

"ಸ್ಕ್ಯಾನ್ ಬ್ಯಾಡ ಅಂತ ಡಾಕ್ಟರಿಗೆ ಫೋನ್ ಮಾಡಿ ಹೇಳೀನಿ" ಎಂದ. ಗೋಡೆಗೆ ಹೇಳುವ ಹಾಗೆ ಹೇಳಿದ.

ಚಲೋ ಆತು ಎಂದೆ.

"ನನಗ ಮರವು ಇಲ್ಲ ಅಂತ ನೀನ ನಾಕ ಮಂದಿ ಮುಂದ ಹೇಳಿದಿ. ಹಂಗಾದ್ರ ನೀ ಮಾಡಿದ್ದನ್ನೂ ಮರಿಯಂಗಿಲ್ಲ ನಾ. ಸಾಯುತನಾ ಮರಿಯಂಗಿಲ್ಲ. ತಿಳೀತೇನು?"

"ಮರೀಬ್ಯಾಡ" ಎಂದೆ.

ಲೇಥಿನ ಮುಂದೆ ಉದ್ದ ತೋಳಿನ ಅಂಗಿಯಲ್ಲಿ ನಿಲ್ಲುವಂತಿಲ್ಲ, ಬಟ್ಟೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಬಲತೋಳನ್ನು ಎಡಗೈಯಿಂದ ಮಡಚಿಕೊಂಡ. ಎಡತೋಳಿನ ಗುಂಡಿ ಬಿಚ್ಚಲು ಬಲಗೈಯ ಉಳಿದ ಬೆರಳುಗಳಿಂದ ಆಗಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಪ್ರಯತ್ನಿಸಲಿಲ್ಲ. ನನ್ನ ಕಡೆ ನೋಡದೆ, ಬಾಗಿಲ ಕಡೆ ಮುಖ ಮಾಡಿ, ತೋಳನ್ನು ನನ್ನ ಮುಂದೆ ಚಾಚಿದ.

ನಾನು ಗುಂಡಿ ಬಿಚ್ಚಿ ಮೊಣಕೈವರೆಗೆ ಮಡಚಿದೆ. ಅವನು ಲೇಥ್ ಚಾಲೂ ಮಾಡಿದ.